ಹಸಿರು ಚುಕ್ಕೆಯಿಲ್ಲದ ಬಾಟಲಿಗಳು

ಫೆಬ್ರವರಿ ೯

ಶಾಸನಸಭೆಯ ಶೀಘ್ರಲಿಪಿ ವರದಿಗಾರರೂ, ಮಂತ್ರಿಗಳ ಕೆಮ್ಮನ್ನೂ ಬಿಡದೆ ಬರೆದುಕೊಳ್ಳುವವರೂ, ನನ್ನ ತಾಯಿಯ ಒಬ್ಬನೇ ತಮ್ಮನೂ ಆದ ಮಾವನವರ ಘನ ಸನ್ನಿಧಾನಕ್ಕೆ, ಬಿಯರ್ ಕಾರ್ಖಾನೆಯ ಬಾಟಲಿ ತೊಳೆಯುವ ವಿಭಾಗದಿಂದ ನಿಮ್ಮ ಅಳಿಯ ತರಲೆ ಮಾಡುವ ವಿಜ್ಞಾಪನೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹೂಂ", "ಸರಿ", "ಅಕ್ಕನಿಗೆ ಹೇಳು" ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಊರವರ ಮಾತನ್ನೆಲ್ಲ ಬರೆದು ಬರೆದು ಅವನ ಮಾತು ಬೆರಳಿಗೆ ಇಳಿದುಬಿಟ್ಟಿದೆ ಅನ್ನುತ್ತಾಳೆ ಅಮ್ಮ. ಅದಕ್ಕೇ ಕಾಗದ.

ನನ್ನ ಹೊಸ ಹುದ್ದೆ ಏನೆಂದು ಕೇಳಿದ್ದಿರಿ. ಹೇಳಿದರೆ ನಂಬುವುದಿಲ್ಲ: ತರಲೆ ಮಾಡುವುದೇ ಹುದ್ದೆ, ಅದಕ್ಕೆ ಸಂಬಳ. ಅಂಗಡಿಗಳಿಂದ ವಾಪಸು ಬಂದ ಖಾಲಿ ಬಾಟಲಿಗಳು ನಮ್ಮಲ್ಲಿ ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಲ್ಲಿ ಮುಳುಗಿ, ಬ್ರಷ್ಷಿನಲ್ಲಿ ಉಜ್ಜಿಸಿಕೊಂಡು, ಪಟ್ಟಿಯ ಮೇಲೆ ಸಾಲಾಗಿ ಬೆಳಕಿನ ಪರದೆಯ ಮುಂದೆ ಸಾಗುತ್ತವೆ. ಪರದೆಯ ಎದುರು ಕೂತ ಹೆಂಗಸರು ನೋಡುತ್ತಾರೆ. ಬಿರುಕು, ಕೊಳೆ, ಏನೇ ಕಂಡರೂ ಗಂಟೆ ಒತ್ತಿ ಆ ಬಾಟಲಿಯನ್ನು ಎತ್ತಿಡಬೇಕು. ತೊಂದರೆ ಏನೆಂದರೆ, ಬಾಟಲಿ ನೋಡುತ್ತಾ ಕೂತರೆ ಕಣ್ಣು ತೆರೆದೇ ಇರುತ್ತದೆ, ತಲೆ ಮಲಗಿಬಿಡುತ್ತದೆ. ಅದಕ್ಕಾಗಿ ನಾನು ಆಗೊಮ್ಮೆ ಈಗೊಮ್ಮೆ ಒಂದು ಬಾಟಲಿಯೊಳಗೆ ಬೇಕಂತಲೇ ಕಡ್ಡಿಯನ್ನೋ ಕಾಗದದ ಚೂರನ್ನೋ ಹಾಕಿ ಸಾಲಿನಲ್ಲಿ ನುಗ್ಗಿಸುತ್ತೇನೆ. ಅದರ ತಳದಲ್ಲಿ ಹಸಿರು ಬಣ್ಣದ ಚುಕ್ಕೆ ಇರುತ್ತದೆ. ಹಿಡಿದವರು ತಳ ನೋಡಿ, "ಓ, ತರಲೆಯ ಬಾಟಲಿ" ಎಂದು ನನ್ನ ಪೆಟ್ಟಿಗೆಗೆ ವಾಪಸು ಹಾಕುತ್ತಾರೆ. ಹಿಡಿಯದವರಿಗೆ ಮೇಸ್ತ್ರಿಯಿಂದ ಮಂಗಳಾರತಿ.

ಆ ಪರದೆಯ ಮುಂದೆಯೇ ಕೂರುವ ನಿಮ್ಮ ಅಕ್ಕನ ಕಣ್ಣು ತಪ್ಪಿಸಲು ಇದುವರೆಗೆ ನನ್ನಿಂದ ಆಗಿಲ್ಲ. ಮೊನ್ನೆ ನನ್ನ ತಲೆಯಿಂದಲೇ ಒಂದು ಕೂದಲು ಕಿತ್ತು ಬಾಟಲಿಗೆ ಇಳಿಬಿಟ್ಟೆ. ಟಿಣ್! ತಿರುಗಿ ಕೂಡ ನೋಡದೆ, "ಎಣ್ಣೆ ಹಚ್ಕೊಳೋ, ಮದುವೆಗೆ ಮುಂಚೆ ಬೋಳಾಗ್ತೀಯ," ಅಂದಳು. ಇಡೀ ಹಾಲ್ ನಕ್ಕಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಮದ್ಯಕ್ಕೆ ಸಂಬಂಧಿಸಿದ ಹೊಸ ಮಸೂದೆ ಬರುತ್ತಿದೆಯಂತೆ. ಒಮ್ಮೆ ತುಂಬಿದ ಬಾಟಲಿಯನ್ನು ಮತ್ತೆ ತುಂಬುವಂತಿಲ್ಲ, ಪುಡಿ ಮಾಡಬೇಕು, ಪ್ರತಿ ಸಲವೂ ಹೊಸದೇ ಆಗಬೇಕು ಎಂದು ಅದರಲ್ಲಿದೆಯಂತೆ. ಹಾಗಾದರೆ ತೊಳೆಯುವುದೂ ಬೇಡ, ನೋಡುವುದೂ ಬೇಡ. ಅಮ್ಮನ ಕುರ್ಚಿ? ನಿಮ್ಮನ್ನು ಓದಿಸಿದ ಕುರ್ಚಿ ಅದು, ಮಾವ. ಅವಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ವಾರದಿಂದ ಮನೆಯಲ್ಲೂ ನೀರಿನ ಲೋಟವನ್ನು ಕಿಟಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದಾಳೆ.

ಉತ್ತರ ದಯಪಾಲಿಸಬೇಕಾಗಿ ಸಾಷ್ಟಾಂಗ ಬೇಡುವ,
ತರಲೆ


ಫೆಬ್ರವರಿ ೨೦

ತರಲೆ,

ಕಾಗದ ಓದಿದೆ. ನಕ್ಕೆ. ಆಮೇಲೆ ನಗಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತಿದೆ. ವರದಿಗಾರನಿಗೆ ಕಿವಿ ಇದೆ, ಕೈ ಇದೆ, ಬಾಯಿಲ್ಲ. ಸದಸ್ಯರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು. ಹಗಲನ್ನು ರಾತ್ರಿ ಎಂದರೂ ಕತ್ತೆತ್ತುವಂತಿಲ್ಲ. ನನ್ನದು ಎನ್ನಬಹುದಾದ ಸ್ವಾತಂತ್ರ್ಯ ಒಂದೇ: ಅವರು ನಕ್ಕರೆ ಆವರಣದೊಳಗೆ "ನಗು" ಎಂದು ಸೇರಿಸಬಹುದು. ಎಷ್ಟು ಜೋರು ಎಂದು ಬರೆಯುವಂತಿಲ್ಲ.

ನೀನು ಕೇಳಿದ್ದು ನಿಜ. ಏಳನೇ ಕಲಮು. ಗಾಜಿನ ಕಂಪನಿಯವರು ಮಸೂದೆ ಪರಿಶೀಲಿಸುವ ಸಮಿತಿಯ ಮುಂದೆ ಬಂದು ಹೇಳಿಕೆ ಕೊಟ್ಟಿದ್ದಾರೆ. ಅವರ ಕಡೆಯ ಕೋಟಿನ ಮನುಷ್ಯ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಸ್ವಾಮಿ, ಅಲ್ಲಿ ಪರದೆ ಮುಂದೆ ಕೂತಿರೋ ಹೆಂಗಸರು ನೋಡೋದಿಲ್ಲ, ತೂಕಡಿಸ್ತಾರೆ." ಸದಸ್ಯರು ನಕ್ಕರು. ನಾನು ಬರೆದುಕೊಂಡೆ.

ಸಮಿತಿಯಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ. ಮುಂಚೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ಸದಸ್ಯೆ ಇದ್ದಾರೆ. ಒಳ್ಳೆಯವರು. ಅವರು ಎತ್ತ ವಾಲಿದರೆ ಕಲಮು ಅತ್ತ. "ನಾನು ಕಣ್ಣಾರೆ ನೋಡ್ದೆ ಕೈ ಎತ್ತಲ್ಲ," ಅಂದಿದ್ದಾರೆ. ಹಾಗಾಗಿ ಮಾರ್ಚ್ ನಡುವಿಗೆ ಸಮಿತಿ ನಿಮ್ಮ ಕಾರ್ಖಾನೆಗೇ ಬರುತ್ತದೆ. ಇದನ್ನು ಹೇಳಬಾರದಿತ್ತು, ಹೇಳಿದ್ದೇನೆ.

ಅಕ್ಕ ಎಂದಿನ ಹಾಗೆ ಕೂರಲಿ. ಅಷ್ಟು ಸಾಕು. ನೀನು ಕೋತಿ ಕುಣಿತಕ್ಕೆ ಇಳಿಯಬೇಡ.

ಮಾವ


ಮಾರ್ಚ್ ೩

ಮಾನ್ಯ ಮಾವನವರೇ,

ತೂಕಡಿಸ್ತಾರೆ! ಈ ಪದವನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ರಾಜಧಾನಿಗೆ ಬಸ್ಸು ಹತ್ತಿ ಬಂದು ಆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕಿತ್ತು ಬಾಟಲಿಗೆ ಹಾಕುತ್ತಿದ್ದಳು.

ಗುಂಡಿ ಎಂದ ಕೂಡಲೇ ನನಗೆ ಜ್ಞಾನೋದಯವಾಯಿತು. ನಿಮ್ಮ "ಎಂದಿನ ಹಾಗೆ" ಎಂಬ ಸಲಹೆಯನ್ನು ಈ ಸಭೆ ಗೌರವಪೂರ್ವಕವಾಗಿ ತಳ್ಳಿಹಾಕಿದೆ. ಎಂದಿನ ಹಾಗೆ ಅಂದರೆ ಏನು ಗೊತ್ತೇ? ಸಮಿತಿಯವರು ನಿಂತಿರುತ್ತಾರೆ, ಬಾಟಲಿ ಸಾಗುತ್ತಿರುತ್ತದೆ, ಗಂಟೆ ಹೊಡೆಯುವುದೇ ಇಲ್ಲ. ನಮ್ಮ ಬಿಸಿನೀರು ಅಷ್ಟು ಚೊಕ್ಕವಾಗಿ ತೊಳೆಯುತ್ತದೆ. ಕೆಲವು ದಿನ ನನ್ನ ಬಾಟಲಿ ಬಿಟ್ಟರೆ ಬೇರೆ ಯಾವುದಕ್ಕೂ ಗಂಟೆ ಇರುವುದಿಲ್ಲ. ನೋಡುವವರಿಗೆ ಹೆಂಗಸರು ಸುಮ್ಮನೆ ಕೂತಂತೆಯೇ ಕಾಣುತ್ತದೆ. ಕೋಟಿನವನು ಗೆದ್ದ.

ಆದ್ದರಿಂದ ಅಂದು ಬಾಟಲಿಗಳನ್ನು ಧಾರಾಳವಾಗಿ ನುಗ್ಗಿಸುವುದು. ತಳದಲ್ಲಿ ಚುಕ್ಕೆ ಇರುವುದಿಲ್ಲ. ಚುಕ್ಕೆ ಕಂಡರೆ ನಾಟಕ ಅಂದುಕೊಳ್ಳುತ್ತಾರಲ್ಲ? ಒಂದರಲ್ಲಿ ಬ್ರಷ್ಷಿನ ಎಳೆ, ಒಂದರಲ್ಲಿ ಸುಟ್ಟ ಬೆಂಕಿಕಡ್ಡಿ, ಹೀಗೆ. ಎಲ್ಲಕ್ಕೂ ಕಿರೀಟವಾಗಿ ನನ್ನ ನೀಲಿ ಅಂಗಿಯ ಎಡತೋಳಿನ ಗುಂಡಿ. ಅಮ್ಮ ಒಂದೊಂದನ್ನೂ ಹಿಡಿಯುತ್ತಾಳೆ, ಟಿಣ್, ಟಿಣ್, ಟಿಣ್. ನರ್ಸಮ್ಮ ಬೆರಗಾಗಿ ಅಲ್ಲೇ ಕೈ ಎತ್ತುತ್ತಾರೆ. ಅಮ್ಮನಿಗೂ ಹೇಳುವುದಿಲ್ಲ. ಅವಳಿಗೆ ನಟಿಸಲು ಬರುವುದಿಲ್ಲ.

ನಿಮ್ಮ ವಿರೋಧವಿದ್ದರೆ ಒಂದು ಸಾಲು ಬರೆಯಿರಿ. "ವಿರೋಧವಿದ್ದವರು ಹೇಳಿ" ಎಂದು ಕೇಳಿದಾಗ ಯಾರೂ ಬಾಯಿ ಬಿಡದಿದ್ದರೆ ನೀವು "ಅಂಗೀಕೃತ" ಎಂದು ಬರೆದುಕೊಳ್ಳುತ್ತೀರಲ್ಲ, ನಾನೂ ಅದೇ ಪದ್ಧತಿ ಇಟ್ಟುಕೊಂಡಿದ್ದೇನೆ.

ಸಂಚಾಲಕ, ನಿರ್ದೇಶಕ, ಗುಂಡಿದಾನಿ,
ತರಲೆ


ಮಾರ್ಚ್ ೧೬

ಮಾವ! ಮಾವ! ಮಾವ!

ನೀವೇ ಬರುತ್ತೀರೆಂದು ಒಂದು ಮಾತು ಹೇಳಬಾರದಿತ್ತೇ? ಸಮಿತಿಯವರು ಹಾಲ್‌ನ ಬಾಗಿಲಲ್ಲಿ ಬಿಳಿ ಟೋಪಿ ಹಾಕಿಕೊಳ್ಳುತ್ತಿದ್ದಾರೆ, ಅವರ ಹಿಂದೆ ಉದ್ದನೆಯ ಪುಸ್ತಕ ಎದೆಗವಚಿಕೊಂಡು ನೀವು. ನನ್ನ ಕೈಯಿಂದ ಬಾಟಲಿ ಜಾರುವುದರಲ್ಲಿತ್ತು.

ಎಂಥ ನಟನೆ ನಿಮ್ಮದು! ಅಮ್ಮ ನಿಮ್ಮನ್ನು ನೋಡಿದಳು. ಮುಖ ಅರಳಿತು, ಅರ್ಧ ಎದ್ದೂ ಬಿಟ್ಟಳು. ನೀವು ಗೋಡೆಯ ಗಡಿಯಾರ ನೋಡಿದ ಹಾಗೆ ಅವಳನ್ನು ನೋಡಿ ಪುಟ ತಿರುಗಿಸಿದಿರಿ. ಅವಳು ಕೂತು ಸೆರಗು ಸರಿಮಾಡಿಕೊಂಡು ಪರದೆಗೆ ಮುಖ ಮಾಡಿದಳು. ಪಕ್ಕದ ಕುರ್ಚಿಯ ದಪ್ಪಕ್ಕ, "ಅವ್ರು ನಿನ್ ತಮ್ಮ ಅಲ್ವೇನೇ?" ಎಂದು ಪಿಸುಗುಟ್ಟಿದ್ದಕ್ಕೆ, "ಅವ್ನಿಗೆ ಕೆಲ್ಸ ಇದೆ, ಸುಮ್ನಿರು," ಅಂದಳು. ಸಂಬಂಧಿ ಎಂದು ಗೊತ್ತಾದರೆ ನಿಮ್ಮ ಸಾಕ್ಷ್ಯಕ್ಕೆ ಬೆಲೆ ಇರುವುದಿಲ್ಲ, ಅದಕ್ಕೇ ಹಾಗೆ ಮಾಡಿದಿರಿ ತಾನೇ? ಮನೆಗೆ ಬಂದು ಅಮ್ಮನಿಗೆ ಹಾಗೆಂದೇ ವಿವರಿಸಿದೆ. "ಇರಬಹುದು," ಅಂದಳು.

ಆದರೆ ಆ ಗಂಟೆ! ಅಷ್ಟು ಸಲ ಆ ಹಾಲ್ ಗಂಟೆ ಕೇಳಿಯೇ ಇಲ್ಲ. ಬೆಂಕಿಕಡ್ಡಿಗೆ ಟಿಣ್. ಎಳೆಗೆ ಟಿಣ್. ಸಮಿತಿಯ ಅಧ್ಯಕ್ಷರು, "ಏನದು, ಏನದು?" ಎಂದು ಪ್ರತಿ ಸಲವೂ ಬಗ್ಗಿ ನೋಡುತ್ತಿದ್ದರು. ಗುಂಡಿಯ ಬಾಟಲಿ ಬಂತು. ಅಮ್ಮನ ಕೈ ಗಂಟೆಯ ಮೇಲೆ ಒಂದು ಕ್ಷಣ ತಡೆಯಿತು, ಈ ಸಲ ತಪ್ಪಿತು ಅಂದುಕೊಂಡೆ. ಆಮೇಲೆ ಟಿಣ್! ಅಧ್ಯಕ್ಷರು ಬಾಟಲಿ ಬೋರಲು ಹಾಕಿಸಿ ಗುಂಡಿಯನ್ನು ನರ್ಸಮ್ಮನ ಅಂಗೈಗೆ ಬೀಳಿಸಿದರು.

ನರ್ಸಮ್ಮ ಅಮ್ಮನನ್ನು ಕೇಳಿದರು: "ದಿನಾ ಹೀಗೇ ಸಿಗುತ್ತೇನಮ್ಮಾ?"

"ಬಂದ್ರೆ ಹಿಡೀತೀನಮ್ಮ," ಅಂದಳು ಅಮ್ಮ. "ಬಿಡೋದಿಲ್ಲ."

ಅವರು ಆ ಗುಂಡಿಯನ್ನು ತುಂಬ ಹೊತ್ತು ನೋಡಿದರು. "ನಾವು ನಿಂತ ಇಷ್ಟು ಹೊತ್ತಿಗೇ ಇಷ್ಟು ಸಿಕ್ತಲ್ಲ," ಅಂದರು. ಗದ್ಗದವಾದ ಹಾಗಿತ್ತು. ಗೆದ್ದೆವು, ಮಾವ! ಗುಂಡಿಯನ್ನು ನೆನಪಿಗೆಂದು ಕವರಿನಲ್ಲಿ ಹಾಕಿಸಿಕೊಂಡು ಹೋದರು. ತೋಳು ಮಡಚಿಕೊಂಡು ಓಡಾಡುತ್ತಿದ್ದೇನೆ.

ಅಲ್ಲಿ ಏನೆಂದು ದಾಖಲಾಯಿತು, ಬರೆಯಿರಿ.

ವಿಜಯೀ ತರಲೆ


ಏಪ್ರಿಲ್ ೨೭

ಮಾವನವರಿಗೆ,

ಇದು ನಾಲ್ಕನೆಯ ಕಾಗದ. ನಡುವಿನ ಎರಡಕ್ಕೆ ಉತ್ತರವಿಲ್ಲ. ಫೋನು ಎತ್ತುವುದಿಲ್ಲ. "ಅವನಿಗೆ ಹುಷಾರಿದೆಯೋ ಇಲ್ಲವೋ ಕೇಳು," ಎಂದು ಅಮ್ಮ ದಿನಾ ಕೇಳುತ್ತಾಳೆ. ಇದೆಯೇ?

ನಿನ್ನೆ ಮೇಸ್ತ್ರಿ ಪೇಪರು ತಂದು ಊಟದ ಮೇಜಿನ ಮೇಲೆ ಬಡಿದ. ಸಮಿತಿಯ ವರದಿ ಬಂದಿದೆ. ಮೊದಲ ಪುಟದಲ್ಲಿ ನನ್ನ ಗುಂಡಿಯ ಚಿತ್ರ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆದದ್ದು. ಕೆಳಗೆ ನರ್ಸಮ್ಮನ ಮಾತು: "ಒಬ್ಬ ಹೆಂಗಸು ಅಷ್ಟು ಹೊತ್ತಿನಲ್ಲಿ ಇಷ್ಟು ಕೊಳಕು ಹಿಡಿದಳು ಅಂದ್ರೆ, ಹಿಡಿಯೋಕಾಗದೆ ಜನರ ಹೊಟ್ಟೆಗೆ ಹೋದದ್ದು ಎಷ್ಟಿರಬೇಕು? ಅವಳ ತಪ್ಪಲ್ಲ. ಆ ಪದ್ಧತಿಯೇ ಹೋಗಬೇಕು."

ಪೂರ್ತಿ ಓದಿದ ಮೇಲೆ ದಪ್ಪಕ್ಕ ಅಮ್ಮನನ್ನು ನೋಡಿ, "ಅವತ್ತು ಒಂದೆರಡು ಬಿಟ್ಟುಬಿಟ್ಟಿದ್ರೆ ಏನ್ ಹೋಗ್ತಿತ್ತೇ ನಿಂಗೆ?" ಅಂದಳು. ಯಾರೂ ಅಮ್ಮನ ಪಕ್ಕ ಊಟಕ್ಕೆ ಕೂರಲಿಲ್ಲ. ನಾನು ಕೂತೆ. ಅವಳು ಡಬ್ಬಿ ಖಾಲಿ ಮಾಡಿ ತೊಳೆದು, ಬೆಳಕಿಗೆ ಹಿಡಿದು ನೋಡಿ ಮುಚ್ಚಿದಳು.

ಅವು ನಾನು ಹಾಕಿದ ಬಾಟಲಿಗಳು ಎಂದು ಜಗತ್ತಿನಲ್ಲಿ ಇಬ್ಬರಿಗೆ ಗೊತ್ತು. ನನ್ನ ಮಾತನ್ನು ಯಾರೂ ನಂಬುವುದಿಲ್ಲ, ನಾನು ಕಾರ್ಖಾನೆಯವನು, ಮೇಲಾಗಿ ಊರಿಗೆಲ್ಲ ಗೊತ್ತಿರುವ ತರಲೆ. ನೀವು ಹೇಳಿ. ಸದನದಲ್ಲಿ ಮಂಡನೆಯಾಗುವ ಮೊದಲು ಆ ನರ್ಸಮ್ಮನ ಕಿವಿಯಲ್ಲಿ ಒಂದು ಮಾತು ಹಾಕಿ. ಅವರು ಒಳ್ಳೆಯವರು ಎಂದು ನೀವೇ ಬರೆದಿದ್ದಿರಿ.

ತಮಾಷೆ ಮಾಡುತ್ತಿಲ್ಲ.


ಮೇ ೧೧

ಪ್ರೀತಿಯ ಅಳಿಯನಿಗೆ,

ಹುಷಾರಾಗಿದ್ದೇನೆ. ಕೆಲಸ ಹೆಚ್ಚಿತ್ತು.

ನಿನ್ನ ಮಾರ್ಚ್ ಮೂರರ ಕಾಗದ ನಾನು ಪ್ರವಾಸ ಮುಗಿಸಿ ಬಂದ ಮೇಲೆ ಮೇಜಿನ ಮೇಲೆ ಸಿಕ್ಕಿತು. ಮೊದಲೇ ಸಿಕ್ಕಿದ್ದರೆ ತಡೆಯುತ್ತಿದ್ದೆ. ಅಲ್ಲಿ ನಿಂತಿದ್ದಾಗ ನನಗೂ ಅವು ನಿಜವಾದ ಬಾಟಲಿಗಳೆಂದೇ ಅನಿಸಿತ್ತು.

ಈಗ ಹೇಳು ಅನ್ನುತ್ತೀಯೆ. ಹೇಳಿದರೆ ಏನಾಗುತ್ತದೆ, ಯೋಚಿಸು. ಸಮಿತಿಗೆ ಮೋಸ ಮಾಡಿದವನೆಂದು ನಿನ್ನನ್ನು ಸದನದ ಮುಂದೆ ನಿಲ್ಲಿಸುತ್ತಾರೆ. ನಿನಗೆ ಹೇಗೆ ಗೊತ್ತು ಎಂದು ನನ್ನನ್ನು ಕೇಳುತ್ತಾರೆ. ಆ ಹೆಂಗಸು ನನ್ನ ಅಕ್ಕ ಎಂದು ಹೇಳಬೇಕಾಗುತ್ತದೆ. ಸಂಬಂಧಿಕರಿದ್ದರೆ ಮೊದಲೇ ತಿಳಿಸಿ ಆ ಸಮಿತಿಯಿಂದ ಹೊರಗುಳಿಯಬೇಕು ಎಂಬುದು ನಮ್ಮ ನಿಯಮ. ನಾನು ತಿಳಿಸಿರಲಿಲ್ಲ. ಅಕ್ಕನನ್ನು ಒಮ್ಮೆ ನೋಡಿದ ಹಾಗಾಗುತ್ತದೆ ಎಂದು ಬಂದೆ. ನೋಡಿದ್ದು ನಿನಗೆ ಗೊತ್ತೇ ಇದೆ.

ನಿನ್ನನ್ನು ಉಳಿಸಲೆಂದೇ ಸುಮ್ಮನಿದ್ದೇನೆ. ಮುಂದೆ ನಿನಗೇ ಅರ್ಥವಾಗುತ್ತದೆ. ಅಕ್ಕನಿಗೆ ಬೇರೆ ಏನಾದರೂ ಕೆಲಸ ಸಿಗುತ್ತದೆ. ಅವಳ ಕಣ್ಣು ಚೆನ್ನಾಗಿದೆ.

ಮಾವ


ಜುಲೈ ೪

ಮಾವನವರಿಗೆ,

ಅಳಿಯನನ್ನು ಉಳಿಸಿದ್ದಕ್ಕೆ ವಂದನೆಗಳು. ಉಳಿದ ಅಳಿಯನ ಸಮಾಚಾರ ಕೆಳಕಂಡಂತಿದೆ.

ನಿಮ್ಮ ಕಾಗದ ಬಂದ ಮಾರನೆಯ ದಿನವೇ ಸಮಿತಿಗೆ ನಾನೇ ಬರೆದೆ: ಬಾಟಲಿ ನನ್ನದು, ಗುಂಡಿ ನನ್ನದು, ತಪ್ಪು ನನ್ನದು. "ಸಾಕ್ಷ್ಯ ಸ್ವೀಕರಿಸುವ ಅವಧಿ ಮುಗಿದಿದೆ, ತಮ್ಮ ಆಸಕ್ತಿಗೆ ಕೃತಜ್ಞತೆಗಳು" ಎಂಬ ಅಚ್ಚು ಹಾಕಿದ ಕಾರ್ಡು ಬಂತು. ನನ್ನನ್ನು ಸದನದ ಮುಂದೆ ನಿಲ್ಲಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಮಾವ. ನೀವು ಅಷ್ಟು ಹೆದರಬೇಕಿರಲಿಲ್ಲ. ಮ್ಯಾನೇಜರಿಗೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬಾಗಿಲು ತೋರಿಸಿದರು. ಕಲಮು ಪಾಸಾಯಿತು. ಗಾಜಿನ ಕಂಪನಿಯ ಲಾರಿಗಳು ಬರಲು ಶುರುವಾದವು. ಬಿಸಿನೀರಿನ ತೊಟ್ಟಿಯನ್ನು ಬರಿದು ಮಾಡಿ ಮಗುಚಿಹಾಕಿದ್ದಾರೆ. ಪರದೆಯ ದೀಪ ಕಳಚಿದ ದಿನ ಹೆಂಗಸರೆಲ್ಲ ಕಣ್ಣು ಕಿರಿದು ಮಾಡಿಕೊಂಡು ಗೋಡೆ ಹಿಡಿದು ಹೊರಗೆ ಬಂದರಂತೆ.

ಆ ಸಂಜೆ ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಹೊಡೆಯಲಿ ಎಂದು ಕೆನ್ನೆ ಹತ್ತಿರವೇ ಇಟ್ಟುಕೊಂಡಿದ್ದೆ. ಅವಳು ನನ್ನ ನೀಲಿ ಅಂಗಿಗೆ ಹೊಸ ಗುಂಡಿ ಹೊಲಿಯುತ್ತಿದ್ದಳು.

"ಗೊತ್ತು," ಅಂದಳು.

"ಏನ್ ಗೊತ್ತು?"

"ಆ ಗುಂಡಿ ನಿಂದು ಅಂತ. ಹಳೇ ಗುಂಡಿ ಒಡೆದುಹೋದಾಗ ನನ್ನ ಕುಪ್ಪಸದ್ದು ಕಿತ್ತು ಹಾಕಿದ್ದೆನಲ್ಲೋ. ನಂಗೆ ಗುರುತು ಸಿಗಲ್ವಾ?"

"ಮತ್ಯಾಕೆ ಗಂಟೆ ಒತ್ತಿದೆ?"

"ಕಾಣಿಸ್ತು, ಒತ್ತಿದೆ. ಕಂಡದ್ದನ್ನ ಮುಂದಕ್ಕೆ ಬಿಡೋಕೆ ಕೈ ಬರಲಿಲ್ಲ. ನೀನು ಅಲ್ಲಿ ನಗ್ತಾ ನಿಂತಿದ್ದೆ. ಇವ್ನೇನೋ ಯೋಚಿಸೇ ಮಾಡಿರ್ತಾನೆ ಅಂದ್ಕೊಂಡೆ."

ಆಮೇಲೆ ಅವಳೇ ದಾರ ಹಲ್ಲಲ್ಲಿ ಕತ್ತರಿಸುತ್ತಾ, "ನಿನ್ ಮಾವಂಗೂ ಗೊತ್ತಿತ್ತು," ಅಂದಳು.

"ಇಲ್ಲಮ್ಮ, ಕಾಗದ ಆಮೇಲೆ ಸಿಕ್ಕಿದ್ದಂತೆ."

"ಗುಂಡಿ ಆಯಮ್ಮನ ಅಂಗೈಗೆ ಬಿತ್ತಲ್ಲ, ಆಗ ಎಲ್ರೂ ಅಂಗೈ ನೋಡಿದ್ರು. ಅವ್ನೊಬ್ಬ ನಿನ್ನ ತೋಳು ನೋಡ್ದ. ಎಡದ್ದು."

ಮಾವ, ನಾನು ಎಡತೋಳು ಎಂದು ಬರೆದದ್ದು ಮಾರ್ಚ್ ಮೂರರ ಕಾಗದದಲ್ಲಿ. ಅದು ಪ್ರವಾಸದಿಂದ ಬಂದ ಮೇಲೆ ಸಿಕ್ಕಿತು ಎಂದು ನೀವು ಬರೆದದ್ದು ಮೇ ಹನ್ನೊಂದರ ಕಾಗದದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದಿದ್ದೇನೆ.

ಗುಂಡಿ ವಾಪಸು ಬೇಕು. ಅದು ಅಮ್ಮನದು.


ಆಗಸ್ಟ್ ೧೯

ಪ್ರೀತಿಯ ಅಳಿಯನಿಗೆ,

ಗುಂಡಿ ಸಮಿತಿಯ ದಾಖಲೆಗಳ ಕಪಾಟಿನಲ್ಲಿ, ಮೊಹರು ಹಾಕಿದ ಕವರಿನಲ್ಲಿದೆ. ಸದನದ ಸ್ವತ್ತು. ಹೊರಗೆ ಕೊಡಲು ಬರುವುದಿಲ್ಲ. ಬೀಗದ ಕೈ ಈಗ ನನ್ನ ಹತ್ತಿರವೇ ಇದ್ದರೂ ಕೊಡಲು ಬರುವುದಿಲ್ಲ.

ನೀನು ಬರೆದದ್ದಕ್ಕೆ ಉತ್ತರ ಬರೆಯಲು ಕೂತು ಬಹಳ ಹಾಳೆ ಹರಿದೆ. ನನ್ನದೇ ಮಾತು ಬರೆಯುವ ಅಭ್ಯಾಸವಿಲ್ಲ. ಕಾಗದ ಮೊದಲೇ ಸಿಕ್ಕಿತ್ತು. ಬೇಡ ಎಂದು ಒಂದು ಸಾಲು ಬರೆದೂ ಇದ್ದೆ. ಅಂಚೆಗೆ ಹಾಕಲಿಲ್ಲ. ನಿನ್ನ ಯೋಜನೆ ಗೆದ್ದರೂ ಗೆಲ್ಲಬಹುದು ಅನಿಸಿತು. ಸೋತರೆ, ನನ್ನ ಕೈಬರಹ ಎಲ್ಲೂ ಇರುವುದಿಲ್ಲ ಎಂದೂ ಅನಿಸಿತು.

ಒಂದು ಕೇಳುತ್ತೇನೆ. ಅಕ್ಕ ನನ್ನ ಬಗ್ಗೆ ಮತ್ತೇನಾದರೂ ಅಂದಳೇ? ಅಂದದ್ದನ್ನು ತಿದ್ದದೆ, ಅಂದ ಹಾಗೇ ಬರೆದು ಕಳಿಸು. ಎಂಥದಾದರೂ ಸರಿ. ಇಷ್ಟು ವರ್ಷ ಎಂತೆಂಥವರ ಮಾತನ್ನೋ ಅಳುಕದೆ ಬರೆದಿದ್ದೇನೆ. ಇದನ್ನು ಓದಬಲ್ಲೆ.

ನಿನ್ನ ಮಾವ,
ಪ್ರಧಾನ ವರದಿಗಾರ, ಶಾಸನಸಭೆ


ಸೆಪ್ಟೆಂಬರ್ ೨

ಪ್ರಧಾನ ವರದಿಗಾರರ ಸನ್ನಿಧಾನಕ್ಕೆ,

ಬಡ್ತಿಯ ಸುದ್ದಿ ಸಹಿಯಿಂದ ತಿಳಿದು ಈ ಸಭೆ ಹರ್ಷ ವ್ಯಕ್ತಪಡಿಸಿದೆ. ತಾವು ಕೇಳಿದ ನಡವಳಿಯನ್ನು ಅಕ್ಷರಶಃ ಸಲ್ಲಿಸಿದ್ದೇನೆ. ಸ್ಥಳ, ನಮ್ಮ ಅಡುಗೆಮನೆ. ಹಾಜರಿದ್ದವರು ಇಬ್ಬರು.

ಅಳಿಯ: ನಿನ್ನ ತಮ್ಮನಿಗೆ ಬಡ್ತಿ ಆಯ್ತಂತೆ.

ಅಕ್ಕ: ಆಗ್ಲಿ. ಚೆನ್ನಾಗಿ ಬರೀತಾನೆ.

ಅಳಿಯ: ಅವ್ನು ಎಲ್ಲಾ ಗೊತ್ತಿದ್ದೂ ಸುಮ್ನಿದ್ದ. ಒಪ್ಕೊಂಡು ಬರ್ದಿದ್ದಾನೆ. ನಿಂಗೆ ಸಿಟ್ಟು ಬರಲ್ವಾ?

ಅಕ್ಕ: (ಲೋಟವನ್ನು ಕಿಟಕಿಗೆ ಹಿಡಿದು ನೋಡುತ್ತಾ) ಯಾತಕ್ಕೋ? ನಂಗಾದ್ರೆ ಒತ್ತೋಕೆ ಒಂದು ಗಂಟೆ ಕೊಟ್ಟಿದ್ರು. ಅವ್ನಿಗೆ ಏನೂ ಕೊಟ್ಟಿರಲಿಲ್ಲ, ಪಾಪ.

(ಯಾರೂ ನಗಲಿಲ್ಲ.)